ಹಿಂದಿನ ಬೆಂಚಿನಲ್ಲಿ ಕೂರುವವರಿಗೆ
(ಸಿಆರ್‌ಪಿ, ಬಿಆರ್‌ಪಿ, ಶಿಕ್ಷಣ ಸಂಯೋಜಕರು ಮತ್ತು ವಿಷಯ ಪರಿವೀಕ್ಷಕರಿಗೆ ಒಂದು ಬಹಿರಂಗ ಪತ್ರ)

ವೃತ್ತಿಬಾಂಧವರೇ,

ಪರೀಕ್ಷೆ ಬರೆದು, ಕೌನ್ಸೆಲಿಂಗ್‌ನಲ್ಲಿ ಸ್ಥಳ ಆರಿಸಿಕೊಂಡು, ಮೊನ್ನೆ ಮೊನ್ನೆಯವರೆಗೆ ಮಕ್ಕಳ ಮುಂದೆ ನಿಂತು ಪಾಠ ಮಾಡುತ್ತಿದ್ದ ನಿಮ್ಮಲ್ಲಿ ಹಲವರು ಈಗ ಇನ್ನೊಬ್ಬರ ಪಾಠ ನೋಡುವ ಕೆಲಸಕ್ಕೆ ಬಂದಿದ್ದೀರಿ. ಕೆಲವರು ಸಮೂಹ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ), ಕೆಲವರು ಬಿಆರ್‌ಪಿಗಳು, ಕೆಲವರು ಶಿಕ್ಷಣ ಸಂಯೋಜಕರು. ಉಪನಿರ್ದೇಶಕರ ಕಚೇರಿಯಲ್ಲಿ ಕೂತು ಜಿಲ್ಲೆಯ ಪ್ರೌಢಶಾಲೆಗಳನ್ನು ನೋಡಿಕೊಳ್ಳುವ ವಿಷಯ ಪರಿವೀಕ್ಷಕರೂ ಇದನ್ನು ಓದಲಿ ಎಂದು ನನ್ನಾಸೆ. ಹುದ್ದೆಯ ಹೆಸರು ಏನೇ ಇರಲಿ, ಹಳ್ಳಿ ಮಕ್ಕಳಿಗೆ ನೀವೆಲ್ಲ ಒಂದೇ: "ಇನ್‌ಸ್ಪೆಕ್ಟ್ರು ಬಂದ್ರು!"

ನಾನು ಬಾಗಿಲ ಒಳಗಡೆ ಇದ್ದವಳು. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸಹಶಿಕ್ಷಕಿಯಾಗಿ, ಆಮೇಲೆ ಮುಖ್ಯ ಶಿಕ್ಷಕಿಯಾಗಿ ದುಡಿದು ನಿವೃತ್ತಳಾದವಳು. ನಿಮ್ಮ ಹಿಂದಿನವರು ಬಂದಾಗ ಕುರ್ಚಿ ಎಳೆದು ಕೊಟ್ಟಿದ್ದೇನೆ, ಟೀ ತರಿಸಿದ್ದೇನೆ, ಕಡತ ಒಪ್ಪಿಸಿದ್ದೇನೆ. ಅವರಲ್ಲಿ ಸಿಡುಕರಿದ್ದರು, ಸಾಧುಗಳಿದ್ದರು, ಊಟದ ಹೊತ್ತಿಗೆ ಸರಿಯಾಗಿ ಬರುವವರೂ ಇದ್ದರು. ಸ್ವಭಾವದ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ಇಷ್ಟೇ: ಒಂದು ತರಗತಿಯನ್ನು ಹೇಗೆ ನೋಡಬೇಕು ಎಂಬುದನ್ನು ಅವರಲ್ಲಿ ಯಾರಿಗೂ ಯಾರೂ ಕಲಿಸಿರಲಿಲ್ಲ. ಪಾಠ ಮಾಡಲು ಡಿ.ಇಡಿ. ಬೇಕು, ಬಿ.ಇಡಿ. ಬೇಕು, ಟಿಇಟಿ ಪಾಸಾಗಬೇಕು. ಆ ಪಾಠವನ್ನು ನೋಡಿ ಹೀಗಿದೆ, ಹಾಗಿದೆ ಎಂದು ಬರೆಯಲು ಮಾತ್ರ ಬೇರೆ ಯಾವ ಸಿದ್ಧತೆಯೂ ಬೇಡ ಎಂದು ಇಲಾಖೆ ನಂಬಿಕೊಂಡು ಕೂತಿದೆ.

ತರಬೇತಿಯೇ ಇಲ್ಲ ಎನ್ನಲಾರೆ. ಬೇಕಾದಷ್ಟಿವೆ. ಕಲಿಕಾ ಚೇತರಿಕೆ ಬಂದಾಗ ಅದರ ತರಬೇತಿ, ಹೊಸ ನಮೂನೆ ಬಂದಾಗ ಅದನ್ನು ತುಂಬುವ ತರಬೇತಿ, ಹೊಸ ಆ್ಯಪ್ ಬಂದಾಗ ಲಾಗಿನ್ ಆಗುವ ತರಬೇತಿ. ಎಲ್ಲದರಲ್ಲೂ ಪಿಪಿಟಿ ಇರುತ್ತದೆ, ಗುಂಪು ಚರ್ಚೆ ಇರುತ್ತದೆ, ಕೊನೆಗೆ ಅನಿಸಿಕೆ ಹಂಚಿಕೆ ಇರುತ್ತದೆ. ನಾನು ಕಂಡ ಇಂಥ ತರಬೇತಿಗಳಲ್ಲಿ ಒಬ್ಬ ವೀಕ್ಷಕರನ್ನು ನಿಜವಾದ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಿಸಿ, "ಏನು ಕಂಡಿರಿ, ಹೇಳಿ" ಎಂದು ಕೇಳಿದ್ದನ್ನು ಕಾಣಲಿಲ್ಲ.

ಒಳ್ಳೆಯ ಶಿಕ್ಷಕರು ತಾವಾಗಿಯೇ ಒಳ್ಳೆಯ ವೀಕ್ಷಕರಾಗುತ್ತಾರೆ ಎಂಬ ನಂಬಿಕೆ ಇದರ ಹಿಂದೆ ಇದ್ದೀತು. ಚೆನ್ನಾಗಿ ಅಡುಗೆ ಮಾಡುವವರು ಇನ್ನೊಬ್ಬರ ಒಲೆ ಮುಂದೆ ನಿಂತರೆ ಏನಾಗುತ್ತದೆ ಎಂಬುದು ನಿಮಗೆ ಗೊತ್ತು: ಸೌಟು ಕಿತ್ತುಕೊಳ್ಳಬೇಕು ಎನಿಸುತ್ತದೆ. ತಾನು ಹೇಗೆ ಮಾಡುತ್ತಿದ್ದೆ ಎಂಬುದೇ ಕಣ್ಣಿಗೆ ಕಟ್ಟಿರುವವರಿಗೆ ಎದುರಿನಲ್ಲಿ ನಡೆಯುತ್ತಿರುವುದು ಕಾಣುವುದು ಕಷ್ಟ. ಪಾಠ ಮಾಡುವವರ ಕಣ್ಣು ಇಡೀ ತರಗತಿಯ ಮೇಲೆ ಹರಡಿರಬೇಕು. ನೋಡುವವರ ಕಣ್ಣು ಒಂದೆರಡು ಮಕ್ಕಳ ಮೇಲೆ, ಒಂದೆರಡು ನೋಟ್‌ಬುಕ್ಕುಗಳ ಮೇಲೆ, ಒಂದು ಪ್ರಶ್ನೆಗೂ ಅದರ ಉತ್ತರಕ್ಕೂ ನಡುವಿನ ಗಳಿಗೆಯ ಮೇಲೆ ನಿಲ್ಲಬೇಕು. ಎರಡೂ ಕಸುಬೇ. ಆದರೆ ಒಂದನ್ನು ಬಲ್ಲವರಿಗೆ ಇನ್ನೊಂದು ಬಂದೇ ಬರುತ್ತದೆ ಎನ್ನುವಂತಿಲ್ಲ.

ಈ ಕಸುಬಿಗೆ ನಮ್ಮಲ್ಲಿ ಗಟ್ಟಿಯಾದ ಪರಂಪರೆ ಇದೆ ಎಂಬುದನ್ನು ನೀವು ಮರೆಯಬಾರದು. 1854ರ ವುಡ್ ವರದಿಯ ನಂತರ ಸರ್ಕಾರಿ ಶಿಕ್ಷಣ ಇಲಾಖೆಗಳು ಹುಟ್ಟಿದಾಗ ಅವುಗಳ ಜೊತೆಗೇ ಇನ್‌ಸ್ಪೆಕ್ಟರರೂ ಹುಟ್ಟಿದರು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ ಕಡೆ ಕನ್ನಡದ ಮಕ್ಕಳು ಮರಾಠಿ ಶಾಲೆಯಲ್ಲಿ ಕೂರಬೇಕಾಗಿದ್ದ ಕಾಲದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಚನ್ನಬಸಪ್ಪನವರು ಡೆಪ್ಯೂಟಿ ಇನ್‌ಸ್ಪೆಕ್ಟರ್ ಆಗಿದ್ದವರು. ಆ ಹುದ್ದೆಯೇ ಅವರ ಹೆಸರಿಗೆ ಅಂಟಿ ಡೆಪ್ಯೂಟಿ ಚನ್ನಬಸಪ್ಪ ಆದರು. ಅವರ ಕೆಲಸ ಶುರುವಾದದ್ದು, ಮಗು ಮನೆಯಲ್ಲಿ ಆಡುವ ನುಡಿಯೇ ಬೇರೆ, ಶಾಲೆಯಲ್ಲಿ ಕೇಳುವ ನುಡಿಯೇ ಬೇರೆ ಎಂಬುದನ್ನು ಕಂಡುಕೊಂಡದ್ದರಿಂದ. ದಕ್ಷಿಣ ಕನ್ನಡದ ಪಂಜೆ ಮಂಗೇಶರಾಯರೂ ಶಾಲೆಗಳ ಇನ್‌ಸ್ಪೆಕ್ಟರ್ ಆಗಿದ್ದವರೇ. ಮಕ್ಕಳಿಗೆ ಯಾವ ಮಾತು ನಾಲಗೆಯ ಮೇಲೆ ನಿಲ್ಲುತ್ತದೆ, ಯಾವ ಕಥೆಗೆ ಕಣ್ಣರಳುತ್ತದೆ ಎಂಬುದು ತಿಳಿಯದೆ 'ಹಾವಿನ ಹಾಡು' ಬರೆಯಲು ಬರುವುದಿಲ್ಲ. ಮೈಸೂರು ಸಂಸ್ಥಾನದಲ್ಲಿ ಶಾಸನಗಳನ್ನು ಹುಡುಕಿ ಓದಿದ ಬಿ.ಎಲ್. ರೈಸ್ ಅವರೂ ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್ ಆಗಿ ಊರೂರು ಸುತ್ತಿದವರು. ಇವರೆಲ್ಲ ದೊಡ್ಡವರು, ನಮಗೂ ಅವರಿಗೂ ಎಲ್ಲಿಯ ಹೋಲಿಕೆ ಎನ್ನಬೇಡಿ. ಶಾಲೆಯಿಂದ ಶಾಲೆಗೆ ಹೋಗುವವರಿಗೆ ಒಂದೇ ಶಾಲೆಯಲ್ಲಿ ಕೂತವರಿಗೆ ಕಾಣದ್ದು ಕಾಣುತ್ತದೆ. ನೋಡಲು ಗೊತ್ತಿದ್ದರೆ.

ಈಗ ತರಗತಿಯೊಳಕ್ಕೆ ಬನ್ನಿ. ಮೂರನೇ ತರಗತಿ, ಗಣಿತ. ಬೋರ್ಡಿನ ಮೇಲೆ 52 ಕಳೆ 27. ಶಿಕ್ಷಕಿ ದಶಕ ಬಿಡಿಸಿ ತೋರಿಸಿದ್ದಾರೆ, ಕಡ್ಡಿ ಕಟ್ಟುಗಳನ್ನೂ ಬಳಸಿದ್ದಾರೆ. ಮಕ್ಕಳು ಬರೆಯುತ್ತಿದ್ದಾರೆ. ನೀವು ಬೆಂಚುಗಳ ನಡುವೆ ಹೋಗಿ ನೋಡಿದರೆ ಕೆಲವರದು 25, ಕೆಲವರದು 35. ಇಲ್ಲಿ ನಿಮ್ಮ ಕಸುಬು ಶುರು. "ಅರ್ಧ ಮಕ್ಕಳಿಗೆ ಕಳೆಯುವ ಲೆಕ್ಕ ಬರುತ್ತಿಲ್ಲ" ಎಂದು ಬರೆದುಕೊಂಡರೆ ಅದು ಅಂಗಡಿಯವರೂ ಹೇಳಬಹುದಾದ ಮಾತು. 35 ಬರೆದ ಮಗುವಿನ ಪಕ್ಕ ಕೂತು, "ಹೇಗೆ ಮಾಡಿದೆ ಪುಟ್ಟಾ, ಹೇಳು" ಎಂದು ಕೇಳಿದರೆ ತಿಳಿಯುತ್ತದೆ: ಏಳರಲ್ಲಿ ಎರಡು ಹೋದರೆ ಐದು, ಐದರಲ್ಲಿ ಎರಡು ಹೋದರೆ ಮೂರು. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂದು ಎರಡನೇ ತರಗತಿಯಲ್ಲಿ ನಾವೇ ಹೇಳಿಕೊಟ್ಟ ಮಾತನ್ನು ಅದು ಶಿಸ್ತಾಗಿ ಪಾಲಿಸಿದೆ. ಮಗು ಗಮನವಿಲ್ಲದೆ ತಪ್ಪಲಿಲ್ಲ, ಒಂದು ನಿಯಮ ಹಿಡಿದು ತಪ್ಪಿತು. ನಿಯಮ ಹಿಡಿದು ತಪ್ಪುವ ಮಗುವಿಗೆ ಇನ್ನೂ ಹತ್ತು ಲೆಕ್ಕ ಕೊಟ್ಟರೆ ಹತ್ತನ್ನೂ ಹಾಗೆಯೇ ತಪ್ಪು ಮಾಡುತ್ತದೆ. ಈ ಒಂದು ಮಾತನ್ನು ಶಿಕ್ಷಕಿಯ ಕಿವಿಗೆ ಹಾಕಿದರೆ ನಿಮ್ಮ ಆ ದಿನದ ಭೇಟಿ ಸಾರ್ಥಕ. ಮೂವತ್ತು ಮಕ್ಕಳನ್ನು ಒಬ್ಬರೇ ಸಂಭಾಳಿಸುತ್ತಿರುವ ಅವರಿಗೆ ಅದನ್ನು ಕಾಣಲು ಬಿಡುವಿಲ್ಲ. ನಿಮಗೆ ಬಿಡುವಿದೆ. ನಿಮ್ಮನ್ನು ಕಳಿಸಿರುವುದೇ ಅದಕ್ಕೆ.

ಕನ್ನಡ ಓದಿನ ವಿಷಯದಲ್ಲಿ ಮೋಸ ಇನ್ನೂ ಸುಲಭ. ಒಂದನೇ ತರಗತಿಯ ಮಗು ಕಾಗುಣಿತವನ್ನು ರಾಗವಾಗಿ ಕೊನೆಯವರೆಗೂ ಹೇಳುತ್ತದೆ. ನೀವು ಬೆನ್ನು ತಟ್ಟಿ ಮುಂದೆ ಹೋಗುತ್ತೀರಿ. ಅದೇ ಮಗುವಿಗೆ 'ಕೊ' ಎಲ್ಲಿದೆ ತೋರಿಸು ಎಂದು ನಡುವಿನಿಂದ ಕೇಳಿ ನೋಡಿ, ಮತ್ತೆ 'ಕ'ದಿಂದ ಶುರು ಮಾಡಿ ಬೆರಳು ಸರಿಸುತ್ತಾ ಬರುತ್ತದೆ. ಪಾಠದ ಪುಟವನ್ನು ಗಡಗಡ ಓದುವ ಮಗು ಅದೇ ಪದಗಳಿರುವ ಬೇರೆ ವಾಕ್ಯ ಬರೆದು ಕೊಟ್ಟರೆ ನಿಂತುಬಿಡುತ್ತದೆ, ಏಕೆಂದರೆ ಅದು ಓದುತ್ತಿದ್ದುದು ಪುಟವನ್ನಲ್ಲ, ನೆನಪನ್ನು. ಒತ್ತಕ್ಷರ ಬಂದಲ್ಲಿ ಎಡವುವುದು, ಓದಿ ಮುಗಿಸಿ ಅರ್ಥ ಕೇಳಿದರೆ ಮೇಲೆ ನೋಡುವುದು, ಪ್ರತಿಯೊಂದೂ ಬೇರೆ ಬೇರೆ ತೊಡಕು. ಇವನ್ನು ಬಿಡಿಸಿ ಕಾಣದ ಪರಿವೀಕ್ಷಕರು ಎಲ್ಲಕ್ಕೂ ಒಂದೇ ಔಷಧಿ ಬರೆಯುತ್ತಾರೆ: "ಓದಿನ ಅಭ್ಯಾಸ ಹೆಚ್ಚಿಸಿ."

ಮನೆಮಾತಿನ ಸಂಗತಿ ಬೇರೆಯೇ ಇದೆ. ತಾಂಡಾದಿಂದ ಬಂದ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ. ಕೋಲಾರದ ಗಡಿಯಲ್ಲಿ ತೆಲುಗು, ಕರಾವಳಿಯಲ್ಲಿ ತುಳು, ಬ್ಯಾರಿ, ಕೊಂಕಣಿ, ಊರೂರಲ್ಲಿ ಉರ್ದು. ಒಂದನೇ ತರಗತಿಯಲ್ಲಿ ಆ ಮಗು ಆರು ತಿಂಗಳು ಬಾಯಿ ಬಿಡದೆ ಇದ್ದರೆ ಅದು ಕೇಳಿಸಿಕೊಳ್ಳುತ್ತಿದೆ ಎಂದೂ ಅರ್ಥ ಇರಬಹುದು. ಮಂಡ್ಯದ ಮಗು 'ಹಾಲು' ಬದಲು 'ಆಲು' ಎಂದು ಬರೆದರೆ ಅದು ತನ್ನ ಊರು ಆಡಿದ್ದನ್ನು ಸರಿಯಾಗಿಯೇ ಕೇಳಿ ಬರೆದಿದೆ. ತಿದ್ದಬೇಕು, ನಿಜ. ಆದರೆ ಕಿವಿ ಸರಿಯಿರುವ ಮಗುವಿಗೆ 'ನಿಧಾನ ಕಲಿಕೆ' ಎಂಬ ಹಣೆಪಟ್ಟಿ ಹಚ್ಚಿ ಹೋಗಬಾರದು. ಒಂದು ಭಾಷೆ ಮಗುವಿನ ಬಾಯಲ್ಲಿ ಹೇಗೆ ಬೆಳೆಯುತ್ತದೆ ಎಂಬುದರ ಬಗ್ಗೆ ನಿಮಗೆ ಪಾಠ ಆಗಬೇಕು. ನಿಮ್ಮ ತರಬೇತಿಯ ಪಟ್ಟಿಯಲ್ಲಿ ಇದು ಆ್ಯಪ್‌ಗಿಂತ ಮೊದಲು ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಲಿ-ಕಲಿ ಕೊಠಡಿಯಲ್ಲಿ ಪ್ರೌಢಶಾಲೆಯಿಂದ ಬಂದ ಅಧಿಕಾರಿಗಳು ತಬ್ಬಿಬ್ಬಾಗುವುದನ್ನು ನಾನು ನೋಡಿದ್ದೇನೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿವ್ಯಾಲಿಯ ಪ್ರಯೋಗ ನೋಡಿ ಬಂದ ಶಿಕ್ಷಕರ ಕೈಯಲ್ಲಿ ಹುಟ್ಟಿದ ಪದ್ಧತಿ ಅದು. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಅಲ್ಲಿ ಮಕ್ಕಳು ಸಾಲಾಗಿ ಕೂರುವುದಿಲ್ಲ, ತಟ್ಟೆಗಳಲ್ಲಿ ಕೂರುತ್ತಾರೆ. ಒಂದು ತಟ್ಟೆಯಲ್ಲಿ ಶಿಕ್ಷಕರು ಇರುತ್ತಾರೆ, ಇನ್ನೊಂದರಲ್ಲಿ ಗೆಳೆಯರು ಗೆಳೆಯರಿಗೆ ಹೇಳಿಕೊಡುತ್ತಾರೆ, ಮತ್ತೊಂದರಲ್ಲಿ ಮಗು ತನ್ನಷ್ಟಕ್ಕೆ ಕಲಿಯುತ್ತದೆ. ಒಂದನೇ ತರಗತಿಯವರೂ ಮೂರನೇ ತರಗತಿಯವರೂ ಒಂದೇ ಕೊಠಡಿಯಲ್ಲಿ. ಗದ್ದಲ ಇದ್ದೇ ಇರುತ್ತದೆ. ಆ ಗದ್ದಲವನ್ನು ಕೇಳಿ "ಶಿಸ್ತು ಇಲ್ಲ" ಎಂದು ಬರೆದವರೂ ಇದ್ದಾರೆ, ಚಪ್ಪರದಲ್ಲಿ ತೂಗುವ ಬಣ್ಣದ ಕಾಗದ ನೋಡಿ "ಉತ್ತಮ ಕಲಿಕಾ ವಾತಾವರಣ" ಎಂದು ಬರೆದವರೂ ಇದ್ದಾರೆ. ನೋಡಬೇಕಾದ್ದು ಗೋಡೆಯ ಮೇಲಿನ ಪ್ರಗತಿ ನೋಟ: ಯಾವ ಮಗು ಯಾವ ಮೈಲಿಗಲ್ಲಿನಲ್ಲಿ ಎಷ್ಟು ವಾರದಿಂದ ನಿಂತಿದೆ? ನಿಂತ ಮಗು ಇವತ್ತು ಯಾವ ತಟ್ಟೆಯಲ್ಲಿ ಕೂತಿದೆ? ಶಿಕ್ಷಕರು ಅದರ ಬಳಿ ಎಷ್ಟು ಸಲ ಬಂದರು? ನಲಿ-ಕಲಿಯ ಕಲಿಕಾ ಏಣಿ ಎಂದರೆ ಏನೆಂದೇ ತಿಳಿಯದವರಿಗೆ ಈ ಪ್ರಶ್ನೆ ಹೊಳೆಯುವುದಿಲ್ಲ. ಹೊಳೆಯದೆ ಹೋದದ್ದಕ್ಕೆ ಅವರನ್ನು ಬೈದು ಪ್ರಯೋಜನವೂ ಇಲ್ಲ.

ಎಣಿಸುವುದನ್ನೂ ಕಲಿಯಬೇಕು. ಬಿ.ಇಡಿ.ಯಲ್ಲಿ ಫ್ಲಾಂಡರ್ಸ್ ಅಂತರಕ್ರಿಯಾ ವಿಶ್ಲೇಷಣೆ ಎಂಬ ಐದು ಅಂಕದ ಪ್ರಶ್ನೆ ಬರೆದದ್ದು ನೆನಪಿದೆಯೇ? ಮೂರು ಸೆಕೆಂಡಿಗೊಮ್ಮೆ ತರಗತಿಯಲ್ಲಿ ಏನು ನಡೆಯುತ್ತಿದೆ ಎಂದು ಗುರುತು ಹಾಕುವುದು. ಹತ್ತು ವರ್ಗಗಳಲ್ಲಿ ಏಳು ಶಿಕ್ಷಕರ ಮಾತಿಗೆ, ಎರಡು ಮಕ್ಕಳ ಮಾತಿಗೆ, ಒಂದು ಮೌನಕ್ಕೋ ಗೊಂದಲಕ್ಕೋ. (ನಮ್ಮ ತರಗತಿಗಳನ್ನು ನೋಡಿಯೇ ಮಾಡಿದ ಲೆಕ್ಕದಂತಿದೆ!) ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆತ ಆ ಪುಟ ನಿಮ್ಮ ಈಗಿನ ಕೆಲಸದ ಉಪಕರಣ. ಅಷ್ಟೆಲ್ಲ ಬೇಡವೆಂದರೆ ಇದೊಂದನ್ನು ಮಾಡಿ: ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಎಷ್ಟು ಸೆಕೆಂಡು ಕಾದರು ಎಂದು ಮನಸ್ಸಿನಲ್ಲೇ ಎಣಿಸಿ. ಅಮೆರಿಕದ ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣ ತಜ್ಞೆ 1970ರ ದಶಕದಲ್ಲಿ ತೋರಿಸಿಕೊಟ್ಟಂತೆ, ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡಿನ ಆಸುಪಾಸು. ಅದನ್ನು ಮೂರಕ್ಕೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಎಂದೂ ಬಾಯಿ ಬಿಡದ ಮಕ್ಕಳೂ ಬಾಯಿ ಬಿಡುತ್ತಾರೆ. ಇದಕ್ಕೆ ಅನುದಾನ ಬೇಡ, ಸ್ಮಾರ್ಟ್ ಬೋರ್ಡ್ ಬೇಡ. ಆದರೆ ಪಾಠದಲ್ಲಿ ಮುಳುಗಿದ ಶಿಕ್ಷಕರಿಗೆ ತಾವು ಕಾಯುತ್ತಿಲ್ಲ ಎಂಬುದು ಗೊತ್ತಾಗುವುದಿಲ್ಲ. ಹೇಳಲು ಇನ್ನೊಬ್ಬರು ಬೇಕು.

ಈ ಕಣ್ಣನ್ನು ಪಳಗಿಸುವುದು ಹೇಗೆ? ಇಬ್ಬರು ಒಂದೇ ಪಾಠ ನೋಡಿ. ಒಬ್ಬರಿಗೊಬ್ಬರು ತೋರಿಸದೆ ಬರೆದುಕೊಳ್ಳಿ. ಹೊರಗೆ ಮರದ ಕೆಳಗೆ ಕೂತು ಹೋಲಿಸಿ. ಒಬ್ಬರು "ಮಕ್ಕಳು ಚೆನ್ನಾಗಿ ಭಾಗವಹಿಸಿದರು" ಎಂದಿರುತ್ತಾರೆ, ಇನ್ನೊಬ್ಬರು "ಮುಂದಿನ ಸಾಲಿನ ನಾಲ್ವರೇ ಎಲ್ಲ ಉತ್ತರ ಹೇಳಿದರು" ಎಂದಿರುತ್ತಾರೆ. ನೋಡಿದ್ದು ಒಂದೇ ಪಾಠ. ಈ ಅಂತರದಲ್ಲೇ ಇಡೀ ತರಬೇತಿ ಇದೆ. ವಿಶ್ವ ಬ್ಯಾಂಕ್ ರೂಪಿಸಿರುವ 'ಟೀಚ್' ಎಂಬ ತರಗತಿ ವೀಕ್ಷಣೆಯ ಸಾಧನವನ್ನು ಬಳಸುವವರಿಗೆ ಮೊದಲು ವಿಡಿಯೊ ತೋರಿಸಿ ಅಂಕ ಕೊಡಿಸುತ್ತಾರೆ. ಅವರ ಅಂಕ ಪಳಗಿದವರ ಅಂಕಕ್ಕೆ ಸಾಕಷ್ಟು ಹತ್ತಿರ ಬಂದರೆ ಮಾತ್ರ ಪಾಸು. ಅದರ ಅಂಕಪಟ್ಟಿ ನಮಗೆ ಒಗ್ಗುತ್ತದೆಯೋ ಇಲ್ಲವೋ, ಆ ಶಿಸ್ತು ಒಗ್ಗುತ್ತದೆ. ನಮ್ಮ ಡಯಟ್‌ಗಳಿಗೆ ಇದನ್ನು ಮಾಡುವ ಶಕ್ತಿ ಇದೆ. ಜಿಲ್ಲೆಯಲ್ಲೇ ಚಿತ್ರೀಕರಿಸಿದ ಹತ್ತು ಪಾಠಗಳಿದ್ದರೆ ಸಾಕು. ಒಂದು ಎಚ್ಚರ: ಆ ವಿಡಿಯೊಗಳು ತರಬೇತಿ ಕೊಠಡಿಯಲ್ಲೇ ಉಳಿಯಲಿ. ಮಕ್ಕಳ ಮುಖವೂ ಮೇಷ್ಟರ ತಡವರಿಕೆಯೂ ತಾಲ್ಲೂಕಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಹೋಗಕೂಡದು.

ನೋಡಿದ ಮೇಲೆ ಮಾತು. ಇದು ಎರಡನೇ ಕಸುಬು, ಮೊದಲನೆಯದಕ್ಕಿಂತ ಕಷ್ಟದ್ದು. ನಿಮ್ಮಲ್ಲಿ ಸಿಆರ್‌ಪಿಗಳ ಸ್ಥಿತಿ ನನಗೆ ಗೊತ್ತು. ನೀವು ಅದೇ ಶಿಕ್ಷಕರ ವೃಂದದವರು, ಅವಧಿ ಮುಗಿದರೆ ಮತ್ತೆ ಶಾಲೆಗೇ ಬರುವವರು. ನಿಮ್ಮ ಎದುರಿಗಿರುವವರು ನಿಮಗಿಂತ ಹದಿನೈದು ವರ್ಷ ಹಿರಿಯರು, ಕೆಲವು ಕಡೆ ನಿಮಗೇ ಪಾಠ ಹೇಳಿದ ಗುರುಗಳು. ಅವರಿಗೆ "ನಿಮ್ಮ ಪಾಠ ಸರಿಯಿಲ್ಲ" ಎನ್ನಲು ಬಾಯಿ ಬರುವುದಿಲ್ಲ. ಹಾಗಾಗಿ ಬಹಳ ಜನ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ: ಹೊಗಳಿ ಹೊರಡುವುದು, ಇಲ್ಲವೇ ಪಾಠದ ಮಾತು ಬಿಟ್ಟು ಪಾಠ ಯೋಜನೆಯ ಪುಸ್ತಕ ಬರೆದಿಲ್ಲವೆಂದು ಹಿಡಿದುಕೊಳ್ಳುವುದು.

"ವ್ಯವಕಲನದ ಪರಿಕಲ್ಪನೆ ಮಕ್ಕಳಿಗೆ ತಲುಪಿಲ್ಲ ಮೇಡಂ, ಚಟುವಟಿಕೆ ಮಾಡ್ಸಿ." ಇದು ನನಗೆ ಹೇಳಿದ್ದ ಮಾತು. ಯಾವ ಚಟುವಟಿಕೆ, ಯಾವ ಮಕ್ಕಳಿಗೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇನ್ನೊಂದು ರೀತಿಯೂ ಇತ್ತು: "ಮೇಡಂ, ಕಿಟಕಿ ಪಕ್ಕದ ಹುಡುಗಿ 35 ಅಂತ ಬರೆದಿದ್ಲು, ಅವಳ ಹಿಂದಿನವನೂ ಅದನ್ನೇ ಬರೆದಿದ್ದ. ಇಬ್ರೂ ಒಂದೇ ತಪ್ಪು ಮಾಡಿದ್ದಾರಲ್ಲ, ಯಾಕಿರಬಹುದು?" ಇದರಲ್ಲಿ ತೀರ್ಪಿಲ್ಲ, ಪ್ರಶ್ನೆ ಇದೆ. ಎಷ್ಟು ಹಿರಿಯ ಮೇಷ್ಟರಾದರೂ ಈ ಪ್ರಶ್ನೆಗೆ ಮುನಿಸಿಕೊಳ್ಳಲಾರರು. ಏಕೆಂದರೆ ಮಾತು ಅವರ ಬಗ್ಗೆ ಇಲ್ಲ, ಇಬ್ಬರೂ ಕಂಡ ಒಂದು ನೋಟ್‌ಬುಕ್ಕಿನ ಬಗ್ಗೆ ಇದೆ. ಇಂಥ ಮಾತನ್ನು ಅಭ್ಯಾಸ ಮಾಡಬೇಕಾಗುತ್ತದೆ. ಬಿ.ಇಡಿ.ಯಲ್ಲಿ ಸೂಕ್ಷ್ಮ ಬೋಧನೆ ಮಾಡಿದ ಹಾಗೆಯೇ, ಒಬ್ಬರು ಶಿಕ್ಷಕರಾಗಿ, ಒಬ್ಬರು ಪರಿವೀಕ್ಷಕರಾಗಿ, ಮೂರನೆಯವರು ಕೇಳುತ್ತಾ. ಮೊದಲು ನಗು ಬರುತ್ತದೆ, ಬರಲಿ. ಮಕ್ಕಳ ಮುಂದೆ ಶಿಕ್ಷಕರನ್ನು ತಿದ್ದಬಾರದು ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ. ಆದರೂ ಹೇಳುತ್ತೇನೆ, ಏಕೆಂದರೆ ಅದು ಇನ್ನೂ ನಿಂತಿಲ್ಲ.

ನೋಡುವವರ ಮಾತು ಎದುರಿನವರಿಗೆ ಎಷ್ಟು ಭಾರ ಎಂಬ ಪಾಠ ಇಂಗ್ಲೆಂಡಿನಲ್ಲಿ ದುಬಾರಿಯಾಗಿ ಬಂತು. ಅಲ್ಲಿ 1992ರಿಂದ ಆಫ್‌ಸ್ಟೆಡ್ ಎಂಬ ಸಂಸ್ಥೆ ಶಾಲೆಗಳನ್ನು ಪರಿಶೀಲಿಸುತ್ತದೆ. ಪರಿವೀಕ್ಷಕರ ಪಡೆ, ದಪ್ಪನೆಯ ಕೈಪಿಡಿ, ಎಲ್ಲ ಶಾಲೆಗೂ ಒಂದೇ ಅಳತೆ. ಕೊನೆಗೆ ಇಡೀ ಶಾಲೆಗೆ ಒಂದೆರಡು ಪದದ ತೀರ್ಪು ಇರುತ್ತಿತ್ತು: 'ಅತ್ಯುತ್ತಮ'ದಿಂದ 'ಅಸಮರ್ಪಕ'ದವರೆಗೆ. ರೀಡಿಂಗ್ ಪಟ್ಟಣದ ಪ್ರಾಥಮಿಕ ಶಾಲೆಯೊಂದನ್ನು ಮೇಲಿನ ದರ್ಜೆಯಿಂದ ಕೆಳಗಿನ ದರ್ಜೆಗೆ ಇಳಿಸುವ ವರದಿ ಬರಲಿದ್ದಾಗ, 2023ರ ಜನವರಿಯಲ್ಲಿ, ಅಲ್ಲಿಯ ಮುಖ್ಯ ಶಿಕ್ಷಕಿ ಜೀವ ಕಳೆದುಕೊಂಡರು. ಆ ಸಾವಿಗೆ ಪರಿಶೀಲನೆಯೂ ಕಾರಣಗಳಲ್ಲಿ ಒಂದು ಎಂದು ವರ್ಷದ ಕೊನೆಗೆ ವಿಚಾರಣಾಧಿಕಾರಿ ಹೇಳಿದರು. 2024ರ ಜನವರಿಯಲ್ಲಿ ಪರಿಶೀಲನೆಗಳನ್ನೇ ಕೆಲ ದಿನ ನಿಲ್ಲಿಸಿ, ಎದುರಿಗಿರುವವರ ಮನಸ್ಸಿನ ಒತ್ತಡವನ್ನು ಗುರುತಿಸುವುದು ಹೇಗೆಂದು ಪರಿವೀಕ್ಷಕರಿಗೆ ತರಬೇತಿ ಕೊಟ್ಟರು. ಆ ವರ್ಷದ ಸೆಪ್ಟೆಂಬರಿನಲ್ಲಿ ಒಂದೇ ಮಾತಿನ ಒಟ್ಟಾರೆ ದರ್ಜೆಯನ್ನು ಕೈಬಿಟ್ಟರು. ಮೂರು ದಶಕ ನಡೆದು ಬಂದ ಪರಿಶೀಲನಾ ವ್ಯವಸ್ಥೆಗೇ ಈ ಪಾಠ ಬೇಕಾಯಿತು. ನಮ್ಮಲ್ಲಿ ಅಂಥ ದರ್ಜೆಯ ಭಯ ಅಷ್ಟಿಲ್ಲ, ನಿಜ. ಆದರೆ ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿದ ಬೆಳಿಗ್ಗೆ ಮುಖ್ಯ ಶಿಕ್ಷಕರಿಗೆ ಬರುವ ಫೋನುಗಳ ಧಾಟಿ ವಿಷಯ ಪರಿವೀಕ್ಷಕರಿಗೆ ಚೆನ್ನಾಗಿ ಗೊತ್ತು. ಅದು ಮೇಲಿನಿಂದ ಅವರಿಗೆ ಬಂದು, ಅವರಿಂದ ಕೆಳಗೆ ಇಳಿಯುವ ಧಾಟಿ.

ವರದಿ ಬರೆಯುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಸಂದರ್ಶನ ಪುಸ್ತಕಗಳನ್ನು ಸಾಲಾಗಿ ಇಟ್ಟು ಓದಿದರೆ ಯಾವ ಶಾಲೆಯದು ಯಾವುದೆಂದು ಹೇಳಲು ಆಗುವುದಿಲ್ಲ. "ಶಾಲಾ ಪರಿಸರ ಉತ್ತಮವಾಗಿದೆ. ಬಿಸಿಯೂಟ ಶುಚಿ-ರುಚಿಯಾಗಿದೆ. ಮಕ್ಕಳ ಕಲಿಕಾ ಮಟ್ಟ ಸುಧಾರಿಸಲು ಕ್ರಮ ವಹಿಸುವುದು." ಯಾವ ಮಕ್ಕಳು, ಯಾವ ಕಲಿಕೆ, ಯಾರು ಕ್ರಮ ವಹಿಸಬೇಕು, ಯಾವಾಗಿನೊಳಗೆ? ಮೂರು ವಾಕ್ಯ ಬರೆದರೂ ಸಾಕು, ಆ ಶಾಲೆಗೆ ಮಾತ್ರ ಹೊಂದುವ ಮೂರು ವಾಕ್ಯ ಬರೆಯಿರಿ.

'ಹೌದು/ಇಲ್ಲ' ಕಾಲಂಗಳೂ ಕಣ್ಣು ಕಟ್ಟುತ್ತವೆ. ಶೌಚಾಲಯ ಇದೆಯೇ? ಹೌದು. ಬೀಗದ ಕೈ ಯಾರ ಬಳಿ ಇದೆ, ಹೆಣ್ಣುಮಕ್ಕಳು ಕೇಳಿ ಪಡೆಯಬೇಕೇ, ಒಳಗೆ ನೀರಿದೆಯೇ, ಇದಕ್ಕೆ ಕಾಲಂ ಇಲ್ಲ. ರ‍್ಯಾಂಪ್ ಇದೆಯೇ? ಹೌದು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು ಎಂಬುದು ಲೆಕ್ಕ. ನಮ್ಮಲ್ಲಿ ಎಷ್ಟೋ ಕಡೆ ಮೂರು ಅಡಿಯಲ್ಲೇ ಮುಗಿಸಿರುತ್ತಾರೆ. ಅದರ ಮೇಲೆ ಗಾಲಿಕುರ್ಚಿ ಹತ್ತುವುದಿಲ್ಲ, ಮಳೆಗಾಲದಲ್ಲಿ ಮಕ್ಕಳು ಜಾರುಬಂಡೆ ಆಡುತ್ತಾರೆ. ಶಾಲಾ ಸಿದ್ಧಿಯ ಚೌಕಟ್ಟಿನಲ್ಲಿ ಏಳು ಕ್ಷೇತ್ರಗಳು, 46 ಮಾನಕಗಳು ಇವೆ. ಶಾಲೆ ತನ್ನನ್ನು ತಾನೇ ಅಳೆದುಕೊಳ್ಳಲಿ ಎಂಬ ಅದರ ಆಶಯ ಒಳ್ಳೆಯದೇ. ಆದರೆ ಮುಖ್ಯ ಶಿಕ್ಷಕರು ಒಂದು ಸಂಜೆ ಕೂತು ಕಂಪ್ಯೂಟರಿನಲ್ಲಿ 46ಕ್ಕೂ ಗುರುತು ಹಾಕಿ ಮುಗಿಸಿದಾಗ, ಹೊರಗಿನಿಂದ ಬಂದು "ಇದಕ್ಕೆ ಆಧಾರ ತೋರಿಸಿ" ಎಂದು ಸ್ನೇಹದಿಂದ ಕೇಳಬಲ್ಲವರು ಬೇಕು.

ಅಂಕಿಗಳನ್ನು ಓದುವುದೂ ಹಾಗೆಯೇ. ಒಂದು ತರಗತಿಯಲ್ಲಿ ಎಂಟು ಮಕ್ಕಳಿದ್ದರೆ ಒಂದು ಮಗು ಎಂದರೆ ಶೇ. 12.5. ಫಲಿತಾಂಶ ಕಳೆದ ವರ್ಷ ಶೇ. 75, ಈ ವರ್ಷ ಶೇ. 50 ಎಂದು ನೋಟಿಸ್ ಕೊಡುವ ಮುನ್ನ ಅದು ಇಬ್ಬರು ಮಕ್ಕಳ ಕಥೆ ಎಂದು ತಿಳಿದಿರಬೇಕು. ಆ ಇಬ್ಬರಲ್ಲಿ ಒಬ್ಬ ಅಪ್ಪ-ಅಮ್ಮನ ಜೊತೆ ಕಬ್ಬು ಕಡಿಯಲು ಹೋಗಿ ಮೂರು ತಿಂಗಳು ಶಾಲೆಯಲ್ಲಿ ಇಲ್ಲದಿದ್ದರೆ, ನಿಮ್ಮ ನೋಟಿಸ್ ಹೋಗಬೇಕಾದ ವಿಳಾಸವೇ ಬೇರೆ.

ಇಷ್ಟೆಲ್ಲ ಓದಿದ ನೀವು, "ಮೇಡಂ, ಇದನ್ನೆಲ್ಲ ಮಾಡಲು ಹೊತ್ತೆಲ್ಲಿದೆ?" ಎನ್ನುತ್ತೀರಿ. ಸರಿಯಾದ ಪ್ರಶ್ನೆ. ಸಮೂಹ ಸಂಪನ್ಮೂಲ ಕೇಂದ್ರಗಳು ನಮ್ಮಲ್ಲಿ ಬೇರು ಬಿಟ್ಟಿದ್ದು 1990ರ ದಶಕದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ (ಡಿಪಿಇಪಿ) ಕಾಲದಲ್ಲಿ, ಶಿಕ್ಷಕರ ಪಕ್ಕದಲ್ಲಿ ನಿಲ್ಲುವ ಒಬ್ಬರು ಇರಲಿ ಎಂಬ ಕಾರಣಕ್ಕೆ. ಈಗ ಬೆಳಿಗ್ಗೆ ಏಳಕ್ಕೆ ನಿಮ್ಮ ಫೋನ್ ಗುಂಯ್‌ಗುಡಲು ಶುರುವಾಗುತ್ತದೆ: "ಅತಿ ಜರೂರು. ಮಧ್ಯಾಹ್ನ 12ರೊಳಗೆ ಮಾಹಿತಿ ಸಲ್ಲಿಸುವುದು. ಶೂನ್ಯವಿದ್ದಲ್ಲಿ ಶೂನ್ಯ ಎಂದು ನೀಡುವುದು." ಶಾಲೆಯಲ್ಲಿ ಇದ್ದಾಗಲೂ ನಿಮ್ಮ ಕಣ್ಣು ಗೂಗಲ್ ಶೀಟಿನ ಮೇಲೆ. ಮೊಟ್ಟೆ ಎಷ್ಟು, ಹಾಲಿನ ಪುಡಿ ಎಷ್ಟು, ಶೂ ಅಳತೆ ಎಷ್ಟು. ಕಳಿಸಿದವರು ನಿಮ್ಮನ್ನು ಟಪಾಲಿನವರಂತೆ ಬಳಸುತ್ತಿದ್ದರೆ ಯಾವ ತರಬೇತಿಯೂ ನಿಮ್ಮನ್ನು ಪರಿವೀಕ್ಷಕರನ್ನಾಗಿ ಮಾಡದು.

ಪಾಠ ನೋಡುವವರು ಶಿಕ್ಷಕರ ಪಕ್ಕದಲ್ಲಿ ನಿಲ್ಲಬೇಕು ಎಂಬುದು ಇವತ್ತಿನ ಅರಿವೂ ಅಲ್ಲ. 1952-53ರ ಮುದಲಿಯಾರ್ ಆಯೋಗವೇ ಇನ್‌ಸ್ಪೆಕ್ಟರರು ಶಾಲೆಗಳಿಗೆ ಸಲಹೆಗಾರರಾಗಿರಬೇಕು, ತಜ್ಞರ ತಂಡದೊಂದಿಗೆ ಹೋಗಿ ಶಾಲೆಯಲ್ಲಿ ಎರಡು ಮೂರು ದಿನ ಉಳಿಯಬೇಕು ಎಂದಿತ್ತು. 1964-66ರ ಕೊಠಾರಿ ಆಯೋಗ ಆಡಳಿತವನ್ನೂ ಮೇಲ್ವಿಚಾರಣೆಯನ್ನೂ ಬೇರೆ ಮಾಡಿ ಎಂದಿತು. ರಜೆ ಮಂಜೂರು ಮಾಡುವವರು, ಬಡ್ತಿಯ ಕಡತ ಹಿಡಿದವರು ಪಾಠ ನೋಡಲು ಬಂದರೆ ಶಿಕ್ಷಕರು ನಿಜ ಪಾಠ ಮಾಡುವುದಿಲ್ಲ, ತೋರಿಕೆಯ ಪಾಠ ಮಾಡುತ್ತಾರೆ. ನಾನೂ ಮಾಡಿದ್ದೇನೆ, ನೀವೂ ಮಾಡಿದ್ದೀರಿ.

ಆಯೋಗಗಳು ಹೇಳಿ ಆಯಿತು. ಇನ್ನು ಬೇಡಿಕೆ ನಿಮ್ಮಿಂದಲೇ ಹೋಗಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ತರಬೇತಿ ಇರಬೇಕೆನ್ನುತ್ತದೆ. ನಮ್ಮ ರಾಜ್ಯ ಆ ನೀತಿಯನ್ನು ಒಪ್ಪಬೇಕೋ ಬಿಡಬೇಕೋ ಎಂಬುದು ಬೇರೆ ಜಗಳ, ಆದರೆ ಆ 50 ಗಂಟೆಗೆ ಯಾರ ವಿರೋಧವೂ ಇರಲಾರದು. ಪಾಠ ನೋಡುವವರಿಗೂ ಅಷ್ಟೇ ಕೊಡಿ ಎಂದು ಕೇಳಿ. ಅದರಲ್ಲಿ ಅರ್ಧ ನಿಜವಾದ ತರಗತಿಯಲ್ಲಿ, ಜೋಡಿಯಾಗಿ ಕೂತು ನೋಡುವುದಕ್ಕೆ ಇರಲಿ. ಹುದ್ದೆಗೆ ಸೇರಿದ ಮೊದಲ ತಿಂಗಳು ಪಳಗಿದ ಒಬ್ಬರ ಬೆನ್ನಿಗೆ ಹೋಗುವ ಅವಕಾಶ ಇರಲಿ. ವಾರದಲ್ಲಿ ಎರಡು ದಿನ ನಿಮ್ಮಿಂದ ಯಾರೂ ಯಾವ ಮಾಹಿತಿಯನ್ನೂ ಕೇಳದಂತೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಂದ ಲಿಖಿತ ಆದೇಶ ಪಡೆಯಿರಿ. ನಿಮ್ಮ ಸಂಘಗಳು ವರ್ಗಾವಣೆ, ಪ್ರಯಾಣ ಭತ್ಯೆಗಾಗಿ ಮನವಿ ಕೊಡುತ್ತವೆ, ಕೊಡಲಿ, ಸ್ವಂತ ಪೆಟ್ರೋಲಿನಲ್ಲಿ ಸುತ್ತುವವರ ಕಷ್ಟ ನನಗೆ ಗೊತ್ತು. ಅದೇ ಮನವಿಯಲ್ಲಿ ಇದೂ ಒಂದು ಸಾಲಾಗಿ ಸೇರಲಿ.

ಆದೇಶ ಬರುವವರೆಗೆ ಕಾಯಬೇಕಾಗಿಲ್ಲದ್ದೂ ಒಂದಿದೆ. ನಿಮ್ಮ ಸಮೂಹದ ಮುಂದಿನ ಸಮಾಲೋಚನಾ ಸಭೆಯಲ್ಲಿ ಸುತ್ತೋಲೆ ಓದುವುದನ್ನು ಅರ್ಧ ಗಂಟೆಗೆ ಮುಗಿಸಿ, ಆ ಶಾಲೆಯ ಒಂದು ತರಗತಿಯಲ್ಲಿ ನೀವೇ ಒಂದು ಪಾಠ ಮಾಡಿ. ಹಿಂದಿನ ಬೆಂಚುಗಳಲ್ಲಿ ಸಮೂಹದ ಶಿಕ್ಷಕರು ಕೂರಲಿ. ಮುಗಿದ ಮೇಲೆ ಮಕ್ಕಳನ್ನು ಆಟಕ್ಕೆ ಬಿಟ್ಟು, ಏನು ಕಂಡಿರಿ ಎಂದು ಅವರನ್ನು ಕೇಳಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ. ಎಷ್ಟು ಸೆಕೆಂಡು ಕಾದಿರಿ ಎಂದು ಎಣಿಸಿದವರು ಅವರಲ್ಲಿ ಒಬ್ಬರಾದರೂ ಇರುತ್ತಾರೆ.

ಇತಿ ನಿಮ್ಮ ವೃತ್ತಿಬಾಂಧವಳು,
ಒಬ್ಬ ನಿವೃತ್ತ ಮುಖ್ಯ ಶಿಕ್ಷಕಿ